ಬಾಗಿಲ ಬದಿಯ ಕಂಡಿ

ಆ ಬೆಳಿಗ್ಗೆ ಸರೋವರದ ಕಡೆ ತಲೆಹಾಕುವುದೇ ಬೇಡ ಎಂದು ಗುಡ್ನಿ ಫೋನಿನಲ್ಲಿ ಹೇಳಿದ್ದಳು. ರೇಡಿಯೊದವರು ಮೈನಸ್ ಮೂವತ್ತೆರಡು ಎಂದು ಹೇಳಿ, ಗಾಳಿಯನ್ನೂ ಲೆಕ್ಕಕ್ಕೆ ಹಿಡಿದರೆ ಕೇಳಲೇಬೇಡಿ ಎಂಬ ಧ್ವನಿಯಲ್ಲಿ ನಕ್ಕಿದ್ದರು. ನಾನು ಫೋನ್ ಇಟ್ಟು ಅರ್ಧ ಗಂಟೆಯಾಗುವಷ್ಟರಲ್ಲಿ ಅವಳ ತಮ್ಮ ಐನಾರ್ ತನ್ನ ಹಳದಿ ಹಿಮಗಾಡಿಯನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಒತ್ತುತ್ತಿದ್ದ. ಬೇಡ ಎಂದಿದ್ದ ಗುಡ್ನಿಯೇ ಮುಂದಿನ ಸೀಟಿನಲ್ಲಿ ಕೇಕಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಿಂದೆ ಓರೆಸ್ಟ್ ಇದ್ದ. ಒಂದರ ಮೇಲೊಂದು ಸ್ವೆಟರು ಹಾಕಿ, ಅವುಗಳ ಮೇಲೆ ತನ್ನಪ್ಪನ ಕುರಿಚರ್ಮದ ಕೋಟು ತೊಟ್ಟಿದ್ದರಿಂದ ಇಬ್ಬರ ಜಾಗ ಅವನೊಬ್ಬನಿಗೇ ಬೇಕಾಗಿತ್ತು.

“ಬೇಗ ಹತ್ತಿ ರೂನಾ ಟೀಚರಮ್ಮ. ಈ ಗೋಧಿ ಬೆಳೆಯೋನು ಇಲ್ಲೇ ನಡುಗೋಕೆ ಶುರು ಮಾಡಿದಾನೆ,” ಎಂದ ಐನಾರ್.

“ನಡುಗ್ತಿರೋದು ನಿನ್ನ ಗಾಡಿ ಕಣಯ್ಯಾ, ನಾನಲ್ಲ,” ಎಂದ ಓರೆಸ್ಟ್. ನನಗೆ ಕೈಕೊಟ್ಟು ಮೇಲೆಳೆದುಕೊಂಡು, ತಾನು ಕೂತು ಬೆಚ್ಚಗೆ ಮಾಡಿದ್ದ ಜಾಗವನ್ನು ನನಗೆ ಬಿಟ್ಟು ಆ ಕಡೆ ಸರಿದ.

ಪ್ರತಿ ಫೆಬ್ರವರಿಯಲ್ಲಿ ನಾವು ನಾಲ್ವರು ಹೀಗೆ, ಹೆಪ್ಪುಗಟ್ಟಿದ ಸರೋವರದ ಮೇಲಿನ ಗುಡಿಸಲಿನಲ್ಲಿ ಕೂತು ಮೀನು ಹಿಡಿಯಲು ಹೊರಡುತ್ತೇವೆ. ಬೇರೆ ಊರಿನವರು ವಾಲ್‌ಐ ಎಂದು ಕರೆಯುವ ಮೀನು ನಮ್ಮ ವಿನಿಪೆಗ್ ಸರೋವರದಲ್ಲಿ ಪಿಕರೆಲ್. ಸಣ್ಣವು ಊಟಕ್ಕೆ. ದೊಡ್ಡದು ಸಿಕ್ಕರೆ ಅಳತೆ ಹಲಗೆಯ ಮೇಲೆ ಒಂದು ಕ್ಷಣ ಮಲಗಿಸಿ ಮತ್ತೆ ನೀರಿಗೆ ಬಿಡುವುದು. ಹಲಗೆಯ ಮೇಲೆ ಐನಾರನ ಅಪ್ಪ ಎಳೆದ ಕೆಂಪು ಗೆರೆಯೊಂದಿದೆ. ಆ ಗೆರೆ ಮುಟ್ಟುವ ಮೀನನ್ನು ಒಮ್ಮೆ ಹಿಡಿದವರು ನಮ್ಮ ಗುಡಿಸಲಿನಲ್ಲಿ ಒಲೆಯ ಹತ್ತಿರ ಕೂರಬಹುದು. ಹಿಡಿಯದವರಿಗೆ, ಗಾಳ ಇಳಿಸಲು ಮಂಜುಗಡ್ಡೆಯಲ್ಲಿ ಕೊರೆದ ಕಂಡಿಗಳಲ್ಲಿ ಬಾಗಿಲ ಬದಿಯದು. ಗಾಳಿ ಒಳನುಗ್ಗುವುದು ಅಲ್ಲಿಯೇ, ನೀರು ಮೊದಲು ಹೆಪ್ಪುಗಟ್ಟುವುದೂ ಅಲ್ಲಿಯೇ. ಗುಡ್ನಿ ಹುಡುಗಿಯಾಗಿದ್ದಾಗಲೇ ಗೆರೆ ದಾಟಿದವಳು. ನನಗೆ ಮೊದಲ ವರ್ಷವೇ ಅದೃಷ್ಟ ಒಲಿಯಿತು. ಓರೆಸ್ಟ್ ಮಾತ್ರ ಇಪ್ಪತ್ತು ಚಳಿಗಾಲಗಳಿಂದ ಬಾಗಿಲ ಬಳಿಯೇ ಇದ್ದ.

ದಡ ಬಿಟ್ಟು ಹಿಮದ ದಾರಿಗೆ ಇಳಿದೆವು. ದಾರಿಯುದ್ದಕ್ಕೂ ಗುರುತಿಗೆಂದು ಮಂಜುಗಡ್ಡೆಯಲ್ಲಿ ನೆಟ್ಟಿದ್ದ ಸ್ಪ್ರೂಸ್ ಗಿಡಗಳು ಗಾಳಿಗೆ ಒಂದೇ ಕಡೆ ಬಾಗಿದ್ದವು. ಆಗ ಓರೆಸ್ಟ್, ಹವಾಮಾನದ ಮಾತಾಡುವವನಂತೆ, “ಅಂದ ಹಾಗೆ, ನಂದು ಇದೇ ಕೊನೆ ವರ್ಷ,” ಎಂದ.

“ಯಾಕೆ, ಹಾಲ್ಯ ಮನೆಯಿಂದ ಬಿಡಲ್ಲ ಅಂದ್ಲಾ?” ಎಂದು ಗುಡ್ನಿ ಅವನ ಹೆಂಡತಿಯ ಹೆಸರೆತ್ತಿ ಕೆಣಕಿದಳು.

“ಅವಳು ಬಿಡ್ತಾಳೆ. ಭುಜ ಬಿಡ್ತಿಲ್ಲ. ಆ ಥಂಡಿಗೆ ರಾತ್ರಿಯೆಲ್ಲ ಜುಮ್ ಅನ್ನುತ್ತೆ. ಇವತ್ತು ಸಿಕ್ಕಿದ್ರೆ ಸಿಕ್ತು, ಇಲ್ದಿದ್ರೆ ಮೀನು ನನ್ನ ಹಣೇಲಿ ಬರೆದಿಲ್ಲ ಅಂದ್ಕೋತೀನಿ.”

ಐನಾರ್ ಏನಾದರೂ ಕುಟುಕುತ್ತಾನೆ ಎಂದು ಕಾದೆ. ಅವನು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ಹೀಟರಿನ ಗಾಳಿಯನ್ನು ಹಿಂದಿನ ಸೀಟಿನ ಕಡೆ ತಿರುಗಿಸಿದ, ಅಷ್ಟೆ.

ಗುಡಿಸಲು ತಲುಪಿದಾಗ ಗಾಳಿ ಬಿರುಗಾಳಿಯಾಗಿತ್ತು. ಮಂಜುಗಡ್ಡೆ ಕೊರೆಯುವ ಯಂತ್ರ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಹೊಸ ಕಂಡಿ ಕೊರೆಯುವ ಆಸೆ ಬಿಟ್ಟು, ಐನಾರ್ ಹಿಂದಿನ ವಾರದ ಹಳೆಯ ಕಂಡಿಗಳನ್ನೇ ಹಾರೆಯಿಂದ ಬಿಡಿಸತೊಡಗಿದ. ನಮ್ಮ ಮೂವರದ್ದು ಅಗಲವಾಗಿ ಬಿಡಿಸಿದ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಅವನಿಗೆ ಉಸಿರು ಸಾಲದಾಯಿತು. ಮಂಜಿನ ಚೂರು ಎತ್ತುವ ಸೌಟು ಹೋಗುವಷ್ಟು ತೆರೆದು ಹಾರೆ ಗೋಡೆಗೆ ಒರಗಿಸಿದ.

“ಇಷ್ಟೇನಾ?” ಎಂದ ಓರೆಸ್ಟ್.

“ನಿನಗೆ ಬರೋ ಮೀನಿಗೆ ಇದೇ ಜಾಸ್ತಿ. ಒಂದ್ ಪಕ್ಷ ದೊಡ್ಡದು ಬಂದ್ರೆ ಹೇಳು, ಉಬ್ಬಿದ ಹೊಟ್ಟೆ ಒಳಗೆಳ್ಕೊಂಡು ಬಾ ಅಂತ ಅದಕ್ಕೆ ಹೇಳ್ತೀನಿ.”

ಹಾಗೆ ಹೇಳಿದವನೇ ಹೊರಗೆ ಹೋಗಿ, ಬಾಗಿಲ ಕಡೆಯ ಗೋಡೆಗೆ ಉಳಿದ ಮೂರು ಗೋಡೆಗಳಿಗಿಂತ ಎತ್ತರಕ್ಕೆ ಹಿಮ ಒಟ್ಟಿ ಬಂದ. ಹುಬ್ಬು ಬಿಳಿಯಾಗಿತ್ತು. ಗುಡ್ನಿ ಓರೆಸ್ಟನ ಕೈಗವಸುಗಳನ್ನು ಕೇಳದೆಯೇ ಎತ್ತಿಕೊಂಡು ಒಲೆಯ ಮೇಲಿನ ತಂತಿಗೆ ಸಿಕ್ಕಿಸಿದಳು.

ಮಧ್ಯಾಹ್ನದವರೆಗೆ ಊಟಕ್ಕಾಗುವಷ್ಟು ಸಣ್ಣ ಮೀನು ಸಿಕ್ಕವು, ಎಲ್ಲವೂ ಒಲೆಯ ಕಡೆಯವರಿಗೆ. ಹಾಲ್ಯ ಕಳಿಸಿದ್ದ ಆಲೂಗೆಡ್ಡೆ ಕಡುಬನ್ನು ನಾನು ಈರುಳ್ಳಿಯ ಜೊತೆ ಬೆಣ್ಣೆಯಲ್ಲಿ ಹುರಿದೆ. ಐನಾರನಿಗೆ ದವಡೆ ಹಲ್ಲಿಲ್ಲ. ಓರೆಸ್ಟ್ ಮಾತಾಡುತ್ತಲೇ ಬೆಳ್ಳುಳ್ಳಿ ಸಾಸೇಜನ್ನು ಸಣ್ಣಸಣ್ಣಗೆ ಹೆಚ್ಚಿ ಅವನ ತಟ್ಟೆಗೆ ಹಾಕಿದ. ಇಬ್ಬರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಗಾಳಿ ಗುಡಿಸಲನ್ನು ಹಿಡಿದು ಅಲುಗಾಡಿಸಿದಾಗಲೆಲ್ಲ ಚಹಾದ ಲೋಟಗಳು ಗಲಗಲ ಎನ್ನುತ್ತಿದ್ದವು.

ಗುಡ್ನಿ ಕೇಕು ಕತ್ತರಿಸುತ್ತಿದ್ದಾಗ ಓರೆಸ್ಟನ ಗಿಡ್ಡ ಗಾಳದ ಕೋಲು ನೀರಿನ ಕಡೆ ಬಾಗಿ ನಿಂತಿತು.

“ತಳಕ್ಕೆ ಸಿಕ್ಕಿಹಾಕ್ಕೊಂಡಿದೆ, ಬಿಡಿಸ್ಕೋ,” ಎಂದ ಐನಾರ್ ತಲೆಯೆತ್ತದೆ.

“ತಳ ಓಡಾಡುತ್ತೇನಯ್ಯಾ?”

ನಾವೆಲ್ಲ ಎದ್ದೆವು. ಓರೆಸ್ಟ್ ಅವಸರಪಡಲಿಲ್ಲ. ಅದು ಎಳೆದಾಗ ದಾರ ಬಿಟ್ಟ, ಸುಮ್ಮನಾದಾಗ ಸುತ್ತಿದ. ಭುಜದ ನೋವಿಗೆ ತುಟಿ ಕಚ್ಚಿದ್ದ. ಕೊನೆಗೆ ಕಂಡಿಯ ಕೆಳಗೆ ಒಂದು ಕಣ್ಣು ಮಿನುಗಿತು. ಚೊಂಬಿನಷ್ಟಿದ್ದ ತಲೆ ಮೇಲೆ ಬಂದು, ಮಂಜುಗಡ್ಡೆಗೆ ಡಿಕ್ಕಿ ಹೊಡೆದು ನಿಂತಿತು. ಹೂಜಿಯ ಕತ್ತಿನಂತಿದ್ದ ಆ ಕಂಡಿಯಲ್ಲಿ ಅದು ಹಿಡಿಸುವಂತಿರಲಿಲ್ಲ.

ಐನಾರನ ಮುಖ ಕೆಂಪಾಯಿತು.

“ಕೆಳಗೆ ಬಿಡು, ದಾರ ಬಿಡು. ನಾನು ಅಗಲ ಮಾಡ್ತೀನಿ,” ಎಂದು ಹಾರೆ ಎತ್ತಿದ.

“ಲೋ, ದಾರ ಕಡಿದೀಯ!” ಎಂದು ಗುಡ್ನಿ ಕೂಗಿದಳು.

“ಅಕ್ಕಾ, ನೀನು ಕೂಗಿದ್ರೆ ಖಂಡಿತ ಕಡೀತೀನಿ!”

ಓರೆಸ್ಟ್ ದಾರವನ್ನು ಒಂದು ಬದಿಗೆ ಒತ್ತಿ ಹಿಡಿದುಕೊಂಡ. ಐನಾರ್ ಎದುರು ಬದಿಯನ್ನು ಕುಟ್ಟಿದ. ನಂತರ ಓರೆಸ್ಟ್ ಈ ಬದಿಗೆ, ಐನಾರ್ ಆ ಬದಿಗೆ. ಇಬ್ಬರು ಮುದುಕರು ಕಂಡಿಯ ಸುತ್ತ ಮಂಡಿಯೂರಿ ಸುತ್ತಿದರು. ನಾನು ಸೌಟಿನಿಂದ ಚೂರುಗಳನ್ನು ತೆಗೆದು ತೆಗೆದು ಹಾಕಿದೆ. ಗುಡ್ನಿ ಅಳತೆ ಹಲಗೆಗೆ ನೀರು ಸುರಿದು ಒದ್ದೆ ಮಾಡಿಟ್ಟಳು.

“ಈಗ ಎಳಿ,” ಎಂದ ಐನಾರ್.

ಮೀನು ಮೇಲೆ ಬಂತು. ತಲೆ ದಾಟಿತು, ಚಿನ್ನದ ಬಣ್ಣದ ಬೆನ್ನು ದಾಟಿತು. ಅಷ್ಟರಲ್ಲಿ ಕೊಕ್ಕೆ ಟಪ್ಪೆಂದು ಬಾಯಿಂದ ಕಳಚಿಕೊಂಡಿತು. ಮೀನು ಒಂದು ಗಳಿಗೆ ಅಲ್ಲೇ ನಿಂತು ಹಿಂದಕ್ಕೆ ಜಾರತೊಡಗಿತು. ಓರೆಸ್ಟನ ಕೈಯಲ್ಲಿ ಬರೀ ದಾರ. ಐನಾರ್ ಬೋರಲು ಬಿದ್ದು, ಅಂಗಿಯ ತೋಳಿನ ಸಮೇತ ಭುಜದವರೆಗೂ ಕೈಯನ್ನು ನೀರಿಗೆ ಹಾಕಿ, ಅದನ್ನು ಅಪ್ಪಿ ಮೇಲೆತ್ತಿದ.

ಹಲಗೆಯ ಮೇಲೆ ಅದರ ಬಾಲ ಕೆಂಪು ಗೆರೆಯನ್ನು ದಾಟಿ ಎರಡು ಬೆರಳು ಆಚೆಗಿತ್ತು. ಮೊಟ್ಟೆ ತುಂಬಿದ ಹೆಣ್ಣು. ಓರೆಸ್ಟ್ ಅದನ್ನು ಎರಡೂ ಕೈಯಲ್ಲಿ ನೀರೊಳಗೆ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೂ ಕಾದು ಬಿಟ್ಟ. ಬಿಟ್ಟ ಮೇಲೂ ಸ್ವಲ್ಪ ಹೊತ್ತು ಕೈ ನೀರಿನಲ್ಲೇ ಇತ್ತು.

ಗುಡ್ನಿ ತಮ್ಮನ ಒದ್ದೆ ಅಂಗಿ ಕಿತ್ತೆಸೆದು ನನ್ನ ಗುಲಾಬಿ ಶಾಲು ಸುತ್ತಿದಳು. ಅದರೊಳಗಿಂದಲೇ ಅವನು ಓರೆಸ್ಟನಿಗೆ, “ಏಳು, ಒಲೆ ಹತ್ರ ಹೋಗಿ ಕೂರು,” ಎಂದ. ಹಲ್ಲು ಕಟಕಟ ಎನ್ನುತ್ತಿತ್ತು.

“ಇಲ್ಲ. ಇದು ಲೆಕ್ಕಕ್ಕಿಲ್ಲ. ಇನ್ನೊಬ್ಬರ ಕೈ ತಾಗಬಾರದು ಅಂತ ನಿಮ್ಮಪ್ಪಂದೇ ನಿಯಮ.”

“ಯಾರ ಕೈ ತಾಗ್ತು? ನಾನು ಸೌಟು ಬಿತ್ತು ಅಂತ ಹುಡುಕ್ತಿದ್ದೆ.”

“ಸೌಟು ರೂನಾ ಕೈಲಿತ್ತು ಕಣಯ್ಯಾ.”

“ಹಾಗಾದ್ರೆ ಇನ್ನೊಂದು ಸೌಟು!”

“ಇಷ್ಟು ವರ್ಷ ಇಲ್ಲಿ ಕೂತಿದ್ದು ಸುಳ್ಳು ಹೇಳಿ ಒಳಗೆ ಬರೋಕಲ್ಲ ಐನಾರ್. ನನ್ನ ಕೈಯಿಂದ ಜಾರಿ ಹೋಯ್ತು. ಹೋಗಿದ್ದು ಹೋಯ್ತು,” ಎಂದ ಓರೆಸ್ಟ್. ನಗಲು ನೋಡಿದ, ಆಗಲಿಲ್ಲ. ಕೊಕ್ಕೆಗೆ ಉಪ್ಪು ಹಾಕಿದ ಪುಟ್ಟ ಮೀನನ್ನು ಮತ್ತೆ ಸಿಕ್ಕಿಸತೊಡಗಿದ.

“ಟೀಚರಮ್ಮ, ನೀವಾದ್ರೂ ಹೇಳ್ರೀ ಈ ಮೊಂಡನಿಗೆ!”

ಶಾಲೆಯಲ್ಲಿ ಇಂಥ ಜಗಳಗಳನ್ನು ಎಷ್ಟೋ ಬಿಡಿಸಿದ್ದೇನೆ, ಆದರೆ ಒಬ್ಬ ನಿನ್ನದು ಎಂದು, ಇನ್ನೊಬ್ಬ ನನ್ನದಲ್ಲ ಎಂದು ಜಗಳವಾಡುವುದನ್ನು ಕಂಡಿರಲಿಲ್ಲ. ನಾನು ಗುಡ್ನಿಯ ಕಡೆ ತಿರುಗಿ, “ನಿಮ್ಮಪ್ಪ ಆ ನಿಯಮ ಮಾಡಿದ್ದಾದರೂ ಯಾಕೆ?” ಎಂದು ಕೇಳಿದೆ.

“ಅದಾ? ನಮ್ಮ ಚಿಕ್ಕಪ್ಪಂದಿರಿಬ್ರೂ ಒಂದೇ ಮೀನನ್ನ ನಂದು ನಂದು ಅಂತ ಕಿತ್ತಾಡಿ ಈಸ್ಟರ್‌ವರೆಗೂ ಮಾತು ಬಿಟ್ಟಿದ್ರು. ಅಮ್ಮ ತಲೆ ಚಚ್ಕೊಂಡ್ಲು. ಅದಕ್ಕೆ.”

“ಸರಿ. ಐನಾರ್, ಈ ಮೀನು ನಿನ್ನದು ಅಂತೀಯಾ?”

“ಛೆ! ನಂದ್ಯಾಕಾಗುತ್ತೆ? ನನ್ನಿಂದ ಅದು ತಪ್ಪಿಸ್ಕೊಳ್ತಿತ್ತು ಅನ್ನೋದೇ ನಿಜ. ಕಂಡಿ ಸಣ್ಣಗೆ ಮಾಡಿದ್ದು ನಾನಲ್ವಾ?” ಧ್ವನಿ ತಗ್ಗಿತು. “ಸೋಮಾರಿತನ ಮಾಡಿದೆ ಕಣೋ ಓರೆಸ್ಟ್. ಅದು ಹೋಗಿಬಿಟ್ಟಿದ್ರೆ ನಿನ್ನ ಮುಖ ಹೇಗೆ ನೋಡ್ಲಿ?”

“ಗುಡ್ನಿ, ನಿಂದಾ?”

“ನನ್ನ ಕೈಲಿ ಕೇಕಿನ ಚಾಕು ಇತ್ತಮ್ಮಾ.”

“ನನ್ನದೂ ಅಲ್ಲ. ಹಾಗಾದರೆ ಓರೆಸ್ಟ್, ಉಳಿದವರು ಯಾರು ಅಂತ ನೀನೇ ಹೇಳು.”

ಓರೆಸ್ಟ್ ಕೊಕ್ಕೆಯನ್ನು ಕೆಳಗಿಟ್ಟ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದ. ಅವನು ಎದ್ದದ್ದೇ ತಡ, ಐನಾರ್ ಗುಲಾಬಿ ಶಾಲಿನ ಮೇಲೆ ಕೋಟು ಏರಿಸಿಕೊಂಡು ಬಾಗಿಲ ಬದಿಯ ಸ್ಟೂಲಿನ ಮೇಲೆ ಕೂತುಬಿಟ್ಟ.

“ನಿನ್ನ ಮೈ ಒದ್ದೆಯಾಗಿದೆಯಲ್ಲೋ, ಒಲೆ ಹತ್ರ ಬಾ,” ಎಂದು ಗುಡ್ನಿ ಗದರಿದಳು.

“ಒಣಗಿದೆ, ನೋಡು. ಇಲ್ಲಿ ಮೀನು ದೊಡ್ಡದು ಬರುತ್ತೆ, ನಾನು ಏಳಲ್ಲ.”

ಓರೆಸ್ಟ್ ಒಲೆಯ ಪಕ್ಕದ ಕುರ್ಚಿಯಲ್ಲಿ ಅತಿಥಿಯಂತೆ ತುದಿಗೆ ಕೂತ. ಕೇಕಿನ ಮೊದಲ ತುಂಡನ್ನು ಗುಡ್ನಿ ಅವನಿಗೇ ಕೊಟ್ಟಳು. ತಿಂದು ಮುಗಿಸುವಷ್ಟರಲ್ಲಿ ಅವನ ಹಣೆಯಿಂದ ಬೆವರು ಇಳಿಯತೊಡಗಿತು. ಕೋಟು ತೆಗೆದ. ಸ್ವೆಟರು ತೆಗೆದ. ಅದರ ಕೆಳಗೆ ಇನ್ನೊಂದಿತ್ತು, ಅದನ್ನೂ ತೆಗೆದ.

“ಲೋ, ಹೆಂಗಸರಿದಾರೆ, ಎಲ್ಲಾದ್ರೂ ನಿಲ್ಲಿಸು,” ಎಂದ ಐನಾರ್ ಬಾಗಿಲ ಬಳಿಯಿಂದ.

“ಇಷ್ಟು ಸೆಖೆ ಇರುತ್ತೆ ಅಂತ ಒಬ್ಬರಾದ್ರೂ ಹೇಳಬಾರದಾ? ಮುಂದಿನ ವರ್ಷ ತೆಳ್ಳಗಿರೋದು ಹಾಕ್ಕೊಂಡು ಬರಬೇಕು,” ಎಂದು ಓರೆಸ್ಟ್ ಗೊಣಗಿ, ಮೂರನೆಯ ಸ್ವೆಟರನ್ನೂ ತಲೆಯ ಮೇಲಿಂದ ಎಳೆಯತೊಡಗಿದ.

ಗುಡ್ನಿ ನನ್ನತ್ತ ನೋಡಿದಳು. ನಾವಿಬ್ಬರೂ ಏನೂ ಕೇಳಿಸದವರಂತೆ ಚಹಾಕ್ಕೆ ನೀರಿಟ್ಟೆವು.