ಮುಖದ ಬಟ್ಟೆ

ದೊಡ್ಡಮ್ಮ ಸೋಮವಾರ ಬೆಳಿಗ್ಗೆ ತೀರಿಕೊಂಡಳು. ನಾನು ಇಸ್ತ್ರಿ ಅಂಗಡಿಯ ಶಟರನ್ನು ಅರ್ಧ ಎತ್ತಿದ್ದೆ. ಒಳಗಿನಿಂದ ಟೀಚರಮ್ಮ ಕರೆದಿದ್ದು ಕೇಳಿ ಅದನ್ನು ಹಾಗೇ ಬಿಟ್ಟು ಹಿಂದಿನ ಕೋಣೆಗೆ ಹೋದೆ. ಟೀಚರಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಂಚದ ಪಕ್ಕ ಕೂತಿದ್ದರು. ಏನನ್ನೂ ಕೇಳಬೇಕಾಗಿರಲಿಲ್ಲ.

ನಾನು ಮೊದಲು ಮೂಲೆಯ ಕಪಾಟಿನ ಬಾಗಿಲು ತೆರೆದೆ. ದೇವರನ್ನು ಎಬ್ಬಿಸದೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ, ಇಸ್ತ್ರಿ ಪೆಟ್ಟಿಗೆ ಬಿಸಿಗಿಡುವುದಿಲ್ಲ. ಸಾವಾದ ಮನೆಯಲ್ಲೂ ದೇವರು ಮಲಗಿಯೇ ಇರಬಾರದು ಎಂದು ಹೇಳಿಕೊಟ್ಟವಳೂ ದೊಡ್ಡಮ್ಮನೇ. ನೆಮ್ಮದಿಯಿಂದ ಏಳಿ ಎಂದು ಮೆಲ್ಲಗೆ ಹೇಳಿ, ಮೂರು ಮೂರ್ತಿಗಳ ಮುಖ ಒರೆಸಿ, ಹೊಸ ಲಿನನ್ ತುಂಡು ಹೊದಿಸಿ, ನೀರಿಟ್ಟೆ. ಮಧ್ಯದಲ್ಲಿ ನರಿಮೊಗದ ಅನುಬಿಸ್, ಸತ್ತವರನ್ನು ಕೈಹಿಡಿದು ಕರೆದೊಯ್ಯುವವನು. ಅವನ ಎರಡು ಪಕ್ಕ ಐಸಿಸ್, ನೆಫ್ತಿಸ್ ಎಂಬ ಅಕ್ಕ ತಂಗಿಯರು. ತಮ್ಮ ಅಣ್ಣ ಸತ್ತಾಗ ಒಬ್ಬಳು ತಲೆಯ ಬಳಿ, ಇನ್ನೊಬ್ಬಳು ಕಾಲ ಬಳಿ ನಿಂತು ಅತ್ತವರು. ಹಳೆಯ ಈಜಿಪ್ಟಿನ ಈ ದೇವರುಗಳನ್ನು ದೊಡ್ಡಮ್ಮ ತಂದಿದ್ದು ಉಡುಗೊರೆ ಅಂಗಡಿಯಿಂದ. ತಂಗಿ ಮೂರ್ತಿಯ ಮೂಗಿನ ತುದಿ ಮುರಿದಿದ್ದರಿಂದ ಅಂಗಡಿಯವನು ಅದನ್ನು ಸುಮ್ಮನೆ ಕೊಟ್ಟಿದ್ದನಂತೆ.

ಈ ದೇವರು ನಿನಗೆಲ್ಲಿ ಸಿಕ್ಕಿದ ಎಂದು ಯಾರಾದರೂ ಕೇಳಿದರೆ ದೊಡ್ಡಮ್ಮ ಮುಚ್ಚುಮರೆ ಮಾಡುತ್ತಿರಲಿಲ್ಲ. ಪ್ರಾಯದಲ್ಲಿ ಅವಳು ಒಂದು ಮ್ಯೂಸಿಯಂನಲ್ಲಿ ಗಾಜು ಒರೆಸುವ ಕೆಲಸಕ್ಕಿದ್ದಳು. ಒಂದು ಗಾಜಿನ ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿದ ಒಬ್ಬ ಹೆಂಗಸು, ಸಾವಿರಾರು ವರ್ಷದ ಹಿಂದೆ ಸತ್ತ ಈಜಿಪ್ಟಿನವಳು. ಜನ ಬಂದು ನೋಡುತ್ತಾರೆ, ಮಕ್ಕಳು ಹೆದರಿದಂತೆ ನಟಿಸುತ್ತಾರೆ, ಯಾರೂ ಅವಳನ್ನು ಮಾತನಾಡಿಸುವುದಿಲ್ಲ. ದೊಡ್ಡಮ್ಮ ದಿನಾ ಗಾಜು ಒರೆಸುವಾಗ, ಎದ್ದೆಯೇನಮ್ಮ ಎಂದು ಕೇಳತೊಡಗಿದಳು. ಆಮೇಲೆ ಆ ಹೆಂಗಸಿನ ದೇವರು ಯಾರು, ಅವರಿಗೆ ಏನಿಡುತ್ತಿದ್ದರು ಎಂದು ಅಲ್ಲಿದ್ದವರನ್ನೆಲ್ಲ ಕಾಡಿ ಕಾಡಿ ತಿಳಿದುಕೊಂಡಳು. ಮದುವೆ ಆಗಲಿಲ್ಲ. ಇಸ್ತ್ರಿ ಅಂಗಡಿ ಇಟ್ಟಳು. ಹಿಂದಿನ ಕೋಣೆಗೆ ಒಬ್ಬೊಬ್ಬರೇ ಬಂದು ಸೇರಿಕೊಂಡರು. ಇಡೀ ಜನ್ಮ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್ ಮಾಮ ಮಂತ್ರ ಹೇಳುವವರು. ಟೀಚರಮ್ಮ ಗಣಿತ ಹೇಳಿಕೊಡುವವರು, ಏನನ್ನೂ ಸುಲಭಕ್ಕೆ ನಂಬದವರು, ಆದರೂ ಒಂದು ವಾರವೂ ತಪ್ಪಿಸದವರು. ಬೇರೆ ಊರುಗಳಲ್ಲಿ ಇದೇ ದೇವರಿಗೆ ನಡೆದುಕೊಳ್ಳುವ ಕೆಲವರು ಮೊಬೈಲಿನಲ್ಲಿ ಮುಖ ತೋರಿಸುತ್ತಿದ್ದರು.

ನಾನು ಶಾಲೆ ಬಿಟ್ಟ ವರ್ಷ ಇಲ್ಲಿಗೆ ಬಂದೆ. ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುವ ಹುಡುಗಿಗೆ ಇಸ್ತ್ರಿ ಕೆಲಸ ಒಗ್ಗಿತು. ಬಟ್ಟೆ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ಅಮ್ಮ ನನ್ನನ್ನು ಕಳಿಸಿದ್ದು ಕೆಲಸಕ್ಕೆ ಮಾತ್ರ. ಅಂಗಡಿಯ ಬಾಗಿಲವರೆಗೆ ಬಂದು ಬಿಟ್ಟುಹೋದಳು, ಒಳಗೆ ಕಾಲಿಡಲಿಲ್ಲ. ದೊಡ್ಡಮ್ಮನೊಂದಿಗೆ ಅವಳಿಗೆ ಮಾತು ನಿಂತು ಆಗಲೇ ತುಂಬ ಕಾಲವಾಗಿತ್ತು.

ಮಾತು ನಿಲ್ಲಲು ಕಾರಣ ಅವರಿಬ್ಬರ ತಾಯಿ, ನನ್ನ ಅಜ್ಜಿಯ ಸಾವು. ಅಜ್ಜಿ ದೊಡ್ಡಮ್ಮನ ಜೊತೆಯಲ್ಲಿದ್ದವಳು, ಕೊನೆಗಾಲಕ್ಕೆ ತಾನೂ ಈ ದೇವರಿಗೆ ನಡೆದುಕೊಂಡವಳು. ಅವಳು ತೀರಿಕೊಂಡಾಗ, ಆಗಿನ್ನೂ ಬೇರೆ ಊರಿನಲ್ಲಿದ್ದ ಅಮ್ಮ ರೈಲಿನಲ್ಲಿ ಬರುತ್ತಿದ್ದಳು. ಬರುತ್ತಿದ್ದೇನೆ, ಕಾಯಿ ಎಂದು ಹೇಳಿಕಳಿಸಿದ್ದಳು. ರೈಲು ತಡವಾಯಿತು. ದೊಡ್ಡಮ್ಮ ಕಾಯಲಿಲ್ಲ. ಪಾದದಿಂದ ಸುತ್ತುತ್ತ ಬಂದ ಬಟ್ಟೆಯನ್ನು ಅರ್ಧಕ್ಕೆ ನಿಲ್ಲಿಸಬಾರದು, ಮುಖ ಮುಚ್ಚಿದ ಮೇಲೆ ಬಿಚ್ಚಬಾರದು ಎಂಬ ನೇಮವನ್ನು ಅವಳು ಆಗ ಹೊಸದಾಗಿ ಕಲಿತಿದ್ದಳು; ಹೊಸದಾಗಿ ಕಲಿತವರ ಗಟ್ಟಿತನ ಅವಳಲ್ಲಿತ್ತು. ಅಮ್ಮ ಬಂದಾಗ ಅಜ್ಜಿಯ ಮುಖದ ಮೇಲೆ ಬಟ್ಟೆ ಬಿಗಿದಿತ್ತು. ಒಂದೇ ಒಂದು ಸಲ ಸರಿಸು ಎಂದು ಅಮ್ಮ ಕೇಳಿಕೊಂಡಳು, ದೊಡ್ಡಮ್ಮ ಆಗುವುದಿಲ್ಲ ಎಂದಳು. ಅಮ್ಮ ಬಟ್ಟೆಯನ್ನೇ ಮುಟ್ಟಿ, ಮೂಗೆಲ್ಲಿ, ಗಲ್ಲವೆಲ್ಲಿ ಎಂದು ಬೆರಳಿನಲ್ಲಿ ಹುಡುಕಿ, ವಾಪಸ್ ಹೋದಳು. ಇದನ್ನು ನನಗೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಇಬ್ಬರ ಮಾತಿನಲ್ಲೂ ಒಂದಕ್ಷರ ವ್ಯತ್ಯಾಸವಿರಲಿಲ್ಲ.

ನಮ್ಮಲ್ಲಿ ಒಬ್ಬರು ಹೋದಾಗ ನಲವತ್ತೆರಡು ಮಾತುಗಳನ್ನು ಹೇಳುತ್ತೇವೆ. ಕದ್ದಿಲ್ಲ, ಕೊಂದಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ, ಹೀಗೆ. ಆ ಲೋಕದಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಗರಿ, ಇನ್ನೊಂದರಲ್ಲಿ ಹೃದಯ ಇಟ್ಟು ತೂಗುವಾಗ ಸತ್ತವರೇ ಇವನ್ನು ಹೇಳಬೇಕು; ಹೃದಯ ಗರಿಗಿಂತ ಭಾರವಾದರೆ ಅವರಿಗೆ ಮುಂದೆ ದಾರಿಯಿಲ್ಲ. ನಮ್ಮ ಕೋಣೆಯಲ್ಲಿ ಮಾತ್ರ ಉಳಿದವರು ಅವರ ಪರವಾಗಿ ಹೇಳುವ ಪದ್ಧತಿಯನ್ನು ದೊಡ್ಡಮ್ಮ ಹಾಕಿದ್ದಳು. ಯಾವ ಮಾತು ಯಾರಿಗೆ ಚೆನ್ನಾಗಿ ಗೊತ್ತೋ ಅವರೇ ಅದನ್ನು ಹೇಳಬೇಕು, ಉಳಿದವರು ನಿಜ ಎನ್ನಬೇಕು. ಯಾರಿಗೂ ಧೈರ್ಯವಾಗಿ ಹೇಳಲಾಗದ ಮಾತಿಗೆ ಸುಮ್ಮನಿರಬೇಕು.

ತೀರಿಕೊಳ್ಳುವ ಹಿಂದಿನ ವಾರ ದೊಡ್ಡಮ್ಮ ಅದರ ಬಗ್ಗೆಯೇ ಯೋಚಿಸುತ್ತಿದ್ದಳು. ನಾನು ಅವಳಿಗಾಗಿಯೇ ತೆಗೆದಿಟ್ಟ ಲಿನನ್ ಪಟ್ಟಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ, ಅವಳು ಮಲಗಿದಲ್ಲಿಂದಲೇ ಮಡಿಕೆ ಸರಿಯಿಲ್ಲ ಎಂದು ಬೈಯುತ್ತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಹೇಳಿದಳು.

"ಯಾರ ಕಣ್ಣಲ್ಲೂ ನೀರು ತರಿಸಿಲ್ಲ ಅಂತ ಒಂದು ಬರುತ್ತಲ್ಲ ಪುಟ್ಟಿ, ಅದನ್ನ ನೀವ್ಯಾರೂ ಹೇಳ್ಬೇಡಿ. ನಿಮ್ಮಮ್ಮ ಬಂದ್ರೆ ಅವಳನ್ನ ಕೇಳಿ. ಬರದಿದ್ರೆ ಹಾಗೇ ಬಿಡಿ."

"ಬಿಟ್ರೆ ಏನಾಗುತ್ತೆ ದೊಡ್ಡಮ್ಮ?"

"ಏನಾಗುತ್ತೋ ಅದು ನಂಗಾಗುತ್ತೆ. ನೀನು ಇಸ್ತ್ರಿ ನೋಡು, ಸುಟ್ಟೀಯ."

ಅವಳು ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆವತ್ತು ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

ಅಮ್ಮ ಊರಿನ ಆ ತುದಿಯಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಫೋನ್ ಮಾಡಿದಾಗ ಪಾತ್ರೆಗಳ ಸದ್ದಿನ ನಡುವೆ ಅವಳಿಗೆ ನನ್ನ ದನಿ ಕೇಳಿಸಲಿಲ್ಲ, ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಹೇಳಿದ ಮೇಲೆ ಪಾತ್ರೆಗಳ ಸದ್ದು ದೂರವಾಯಿತು. ಅವಳು ಹೊರಗೆ ಬಂದಿರಬೇಕು.

"ಮುಖ ಮುಚ್ಚಿ ಆಯ್ತಾ?" ಎಂದಳು.

"ಇಲ್ಲಮ್ಮ."

"ಆಗುತ್ತೆ ಬಿಡು, ನಾನು ಬರೋಷ್ಟರಲ್ಲಿ."

ಫೋನ್ ಇಟ್ಟಳು. ಬರುತ್ತೇನೆ ಎಂದಳೋ ಬರುವುದಿಲ್ಲ ಎಂದಳೋ ನನಗೆ ತಿಳಿಯಲಿಲ್ಲ.

ನಾನೂ ಟೀಚರಮ್ಮನೂ ಬಾಗಿಲು ಹಾಕಿಕೊಂಡು ದೊಡ್ಡಮ್ಮನ ಮೈಯನ್ನು ಉಪ್ಪು, ಸೋಡ ಬೆರೆಸಿದ ನೀರಿನಲ್ಲಿ ತೊಳೆದೆವು. ಎಷ್ಟೋ ಜನರ ಅಂಗಿಯ ಕಾಲರ್ ಉಜ್ಜಿದ ಕೈ, ಬೆರಳ ಸಂದುಗಳು ಬಿಳುಪಾಗಿದ್ದವು. ಪಾದದಿಂದ ಸುತ್ತಲು ಹಿಡಿದೆವು. ಮೊಣಕಾಲು, ಸೊಂಟ, ಎದೆ. ಕೈಗಳನ್ನು ಎದೆಯ ಮೇಲೆ ಇಟ್ಟು ಸುತ್ತುವಾಗ ಟೀಚರಮ್ಮ ಒಂದು ಗಳಿಗೆ ಹೊರಗೆ ಹೋಗಿ ಬಂದರು. ಕುತ್ತಿಗೆಯವರೆಗೆ ಬಂದಾಗ ನಾನು ಪಟ್ಟಿಯನ್ನು ಮಡಿಸಿ ದಿಂಬಿನ ಪಕ್ಕ ಇಟ್ಟೆ.

ಅಷ್ಟರಲ್ಲಿ ಡ್ರೈವರ್ ಮಾಮ ಮಿಂದು, ಬಿಳಿ ಲಿನನ್ ಅಂಗಿ ಹಾಕಿಕೊಂಡು ಬಂದಿದ್ದರು. ದೊಡ್ಡಮ್ಮನನ್ನು ಒಯ್ಯಲು ಮಧ್ಯಾಹ್ನ ವ್ಯಾನ್ ಬರುವುದಿತ್ತು. ಮೊದಲು ಮುಖ ಮುಚ್ಚಬೇಕು, ಅವಳು ಆ ಲೋಕದಲ್ಲಿ ಮಾತನಾಡುವಂತೆ ಬಟ್ಟೆಯ ಮೇಲೆ ಬಾಯಿ ಇರುವಲ್ಲಿ ಬೆರಳಿಟ್ಟು ಬಾಯಿ ತೆರೆದಿದೆ ಎನ್ನಬೇಕು, ಆಮೇಲೆ ನಲವತ್ತೆರಡು ಮಾತು, ಆಮೇಲೆ ರೊಟ್ಟಿ ಮತ್ತು ನೀರು ಎಂದು ಅವರು ಎಲ್ಲವನ್ನೂ ಇನ್ನೊಮ್ಮೆ ನೆನಪಿಸಿದರು. ನಾನು ದಿಂಬಿನ ಪಕ್ಕದ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.

"ಮುಚ್ಚಮ್ಮ," ಎಂದರು.

"ಮುಚ್ಚಲ್ಲ ಮಾಮ."

ನನ್ನ ದನಿ ಎಷ್ಟು ಸಣ್ಣಗಿತ್ತೆಂದರೆ ಅವರು ಕಿವಿ ಮುಂದೆ ತಂದರು. ಇನ್ನೊಮ್ಮೆ ಹೇಳಿದೆ. "ಅಮ್ಮ ಬರ್ಲಿ."

ಅರ್ಧಕ್ಕೆ ನಿಲ್ಲಿಸಬಾರದೆಂಬುದು ನಿನ್ನ ದೊಡ್ಡಮ್ಮನದೇ ಮಾತು, ಅದನ್ನು ಅವಳಿಗೇ ಮುರಿಯುತ್ತೀಯಾ ಎಂದು ಅವರು ಕೇಳಿದರು. ಅವರಿಗೆ ಸಿಟ್ಟಿರಲಿಲ್ಲ, ಸಂಕಟವಾಗಿತ್ತು. ಅವಳಿಗೆ ಯಾವ ಕುಂದೂ ಬರಬಾರದೆಂಬ ಆಸೆ ನನ್ನಷ್ಟೇ ಅವರಿಗೂ ಇತ್ತು. ಅದಕ್ಕೇ ನನಗೆ ಉತ್ತರ ಕೊಡಲು ಇನ್ನೂ ಕಷ್ಟವಾಯಿತು. ಮುರಿದ ದೋಷ ನನಗೇ ಬರಲಿ ಎಂದೆ. ಅವರು ಗೋಡೆ ಗಡಿಯಾರ ನೋಡಿದರು. ತಾನು ಇಷ್ಟು ವರ್ಷ ಒಂದು ದಿನವೂ ಬಸ್ಸನ್ನು ತಡವಾಗಿ ಬಿಟ್ಟವನಲ್ಲ ಎಂದರು.

"ಇದು ಬಸ್ಸಲ್ಲ ಡ್ರೈವರಣ್ಣ," ಎಂದರು ಟೀಚರಮ್ಮ. "ಪ್ರಯಾಣಿಕಳು ಒಬ್ಬಳೇ. ಅವಳಿಗೇನೂ ಅವಸರ ಇಲ್ಲ."

ಕಾದೆವು. ಅಂಗಡಿಗೆ ಗಿರಾಕಿಗಳು ಬಂದು, ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ನೋಡಿ, ಟೀಚರಮ್ಮ ಹೇಳಿದ್ದನ್ನು ಕೇಳಿ ಸಪ್ಪೆಮೋರೆ ಮಾಡಿಕೊಂಡು ಹೋದರು. ಒಬ್ಬನು ಮಾತ್ರ ನಾಳೆ ಇಂಟರ್‌ವ್ಯೂ ಇದೆ, ಅಂಗಿ ಎಂದ. ನಾನು ಹೋಗಿ ಹುಡುಕಿ ಕೊಟ್ಟೆ. ದೊಡ್ಡಮ್ಮನೂ ಹಾಗೇ ಮಾಡುತ್ತಿದ್ದಳು.

ಅಮ್ಮ ಬಂದಾಗ ಅವಳ ಮೈಯಿಂದ ಅಡುಗೆಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಕೆಲಸದ ಏಪ್ರನ್ ಮೇಲೆಯೇ ಉಣ್ಣೆಯ ಸ್ವೆಟರ್ ಹಾಕಿಕೊಂಡು ಬಂದಿದ್ದಳು. ಡ್ರೈವರ್ ಮಾಮ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತು, ಈ ದೇವರ ಮುಂದೆ ಲಿನನ್ ಮಾತ್ರ, ಉಣ್ಣೆ ಒಳಗೆ ಬರುವಂತಿಲ್ಲ ಎಂದು ತಡವರಿಸುತ್ತ ಹೇಳಿದರು.

"ಚಳಿಯಾದ್ರೆ ನಿಮ್ಮ ದೇವರು ಶಾಲು ಕೊಡ್ತಾನೇನ್ರೀ?" ಎಂದಳು ಅಮ್ಮ. ಆದರೂ ಸ್ವೆಟರ್ ಕಳಚಿ ಅವರ ಕೈಗೇ ಕೊಟ್ಟಳು. ನಾನು ಮೊಳೆಗೆ ನೇತುಹಾಕಿದ್ದ ದೊಡ್ಡಮ್ಮನ ಲಿನನ್ ಮೇಲಂಗಿ ಹೊದಿಸಿದೆ. ತೋಳು ಉದ್ದವಾಯಿತು.

ಅವಳು ಮಂಚದ ಕಡೆ ತಿರುಗಿದಳು. ಮುಖ ತೆರೆದಿರುವುದನ್ನು ನೋಡಿ ನಿಂತುಬಿಟ್ಟಳು. ನನ್ನನ್ನು ನೋಡಿದಳು, ಮತ್ತೆ ಆ ಮುಖವನ್ನು. ಆಮೇಲೆ ಮೆಲ್ಲಗೆ ಹೋಗಿ ತಲೆಯ ಬಳಿ ಕೂತಳು. ಅಳಲಿಲ್ಲ. ಇಷ್ಟು ಸಣ್ಣಗಾಗಿದ್ದಾಳೆ, ಊಟ ಮಾಡ್ತಿರ್ಲಿಲ್ವಾ ಎಂದು ನನ್ನನ್ನು ಗದರಿಸುವಂತೆ ಕೇಳಿದಳು. ಹಣೆಯಿಂದ ಗಲ್ಲದವರೆಗೆ ನೋಡಿದಳು, ಕಿವಿಗಳನ್ನು ನೋಡಿದಳು, ಹುಬ್ಬಿನಲ್ಲಿ ಎದ್ದು ನಿಂತಿದ್ದ ಒಂದು ಕೂದಲನ್ನು ಹೆಬ್ಬೆರಳಿನಿಂದ ಸವರಿ ಮಲಗಿಸಿದಳು. ಡ್ರೈವರ್ ಮಾಮ ಸ್ವೆಟರನ್ನು ಮಗುವನ್ನು ಹಿಡಿದಂತೆ ಹಿಡಿದುಕೊಂಡು ಹೊಸ್ತಿಲಾಚೆ ನಿಂತಿದ್ದರು, ಒಳಗೆ ತರುವ ಹಾಗಿಲ್ಲ, ಕೆಳಗಿಡಲು ಮನಸ್ಸಿಲ್ಲ.

ಕೊನೆಗೆ ಅಮ್ಮ ತಲೆಯಾಡಿಸಿದಳು. ನಾನು ಮುಖದ ಪಟ್ಟಿ ಸುತ್ತಿದೆ. ಕಣ್ಣು ಮುಚ್ಚಿಹೋಗುವ ಕ್ಷಣ ಅಮ್ಮ ನನ್ನ ಮಣಿಕಟ್ಟು ಹಿಡಿದಳು, ಆಮೇಲೆ ತಾನೇ ಬಿಟ್ಟಳು.

ಡ್ರೈವರ್ ಮಾಮ ಸ್ವೆಟರನ್ನು ಹೊರಗೆ ಇಸ್ತ್ರಿ ಮೇಜಿನ ಮೇಲಿಟ್ಟು ಒಳಗೆ ಬಂದು, ಬಾಯಿ ಇರುವಲ್ಲಿ ಬೆರಳಿಟ್ಟು ಬಾಯಿ ತೆರೆದಿದೆ ಎಂದು, ಮಾತುಗಳನ್ನು ಒಂದೊಂದಾಗಿ ಕೇಳಲು ಶುರುಮಾಡಿದರು. ಕದ್ದಿಲ್ಲ ಎಂಬುದನ್ನು ನಾನು ಹೇಳಿದೆ. ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಅವಳು ಡಬ್ಬಿಯಲ್ಲಿ ಹಾಕಿಟ್ಟು ಹಿಂದಿರುಗಿಸುವುದನ್ನು ನೋಡಿದವಳು ನಾನು. ಹಸಿದವರ ಬಾಯಿಂದ ಕಿತ್ತುಕೊಂಡಿಲ್ಲ ಎಂಬುದನ್ನು ಟೀಚರಮ್ಮ ಹೇಳಿದರು. ಜೋರಾಗಿ ಮಾತನಾಡಿಲ್ಲ ಎಂಬುದು ಬಂದಾಗ ಯಾರೂ ಬಾಯಿ ಬಿಡಲಿಲ್ಲ. ದೊಡ್ಡಮ್ಮ ಒಳಗೆ ಬೈದರೆ ಬೀದಿಯ ತುದಿಯ ಸೈಕಲ್ ಅಂಗಡಿಯವನು ತನಗೇ ಎಂದುಕೊಂಡು ಎದ್ದು ನಿಲ್ಲುತ್ತಿದ್ದ. ಅಮ್ಮನ ಮೂಗಿನಿಂದ ನಗುವಿನಂಥದೇನೋ ಹೊರಬಿತ್ತು. ನಾವು ಅದಕ್ಕೆ ಸುಮ್ಮನಿದ್ದು ಮುಂದೆ ಹೋದೆವು.

ಆಮೇಲೆ ಅದು ಬಂತು. ಡ್ರೈವರ್ ಮಾಮ ಅದನ್ನು ನೆಲ ನೋಡುತ್ತ ಹೇಳಿದರು. "ಯಾರ ಕಣ್ಣಲ್ಲೂ ನೀರು ತರಿಸಿಲ್ಲ."

ದೊಡ್ಡಮ್ಮ ನನಗೆ ಹೇಳಿದ್ದನ್ನು ಅಮ್ಮನಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಇದನ್ನು ನಿನ್ನನ್ನೇ ಕೇಳಬೇಕು ಅಂದಿದ್ದಳು ಎಂದೆ. ನೀನು ಹೇಳದಿದ್ದರೆ ಹಾಗೇ ಬಿಡಬೇಕಂತೆ ಎಂದೂ ಹೇಳಿದೆ.

ಅಮ್ಮ ಬಟ್ಟೆ ಸುತ್ತಿದ ಆ ತಲೆಯ ಕಡೆ ತಿರುಗಿದಳು.

"ತರಿಸಿದ್ದಾಳೆ," ಎಂದಳು.

ಟೀಚರಮ್ಮ ಕಣ್ಣು ಮುಚ್ಚಿಕೊಂಡರು. ನನಗೆ ದೊಡ್ಡಮ್ಮನ ಬೆರಳಿಗೆ ಸುತ್ತಿಕೊಂಡ ಹೊದಿಕೆಯ ಅಂಚು ಕಣ್ಣಿಗೆ ಕಟ್ಟಿತು.

"ನನ್ನ ಕಣ್ಣಲ್ಲಿ ತರಿಸಿದ್ದಾಳೆ. ಇವತ್ತು ಸತ್ತಳು ಅಂತ ನಾನು ಸುಳ್ಳು ಹೇಳೋಕಾಗಲ್ಲ, ಅವಳಿಗೂ ಅದು ಬೇಕಾಗಿಲ್ಲ." ಅವಳು ಉದ್ದ ತೋಳನ್ನು ಮೇಲಕ್ಕೆ ಮಡಿಸಿಕೊಂಡಳು. "ಆದ್ರೆ ಅದು ಅಕ್ಕ ತಂಗಿ ಮಧ್ಯದ್ದು. ನಿಮ್ಮ ತಕ್ಕಡಿಗೆ ನಾನು ಅದನ್ನ ಹಾಕಲ್ಲ. ಕೇಳಿದ್ರೆ ನಿಮ್ಮ ದೇವರಿಗೆ ಹೇಳಿ, ದೂರು ಕೊಡೋಳು ಯಾರೂ ಇಲ್ಲ ಅಂತ."

ಇಂಥ ಉತ್ತರಕ್ಕೆ ಏನು ಮಾಡಬೇಕೆಂದು ನಮ್ಮ ಪದ್ಧತಿಯಲ್ಲಿ ಇರಲಿಲ್ಲ. ಡ್ರೈವರ್ ಮಾಮ ದಿಕ್ಕು ತೋಚದೆ ಕಪಾಟಿನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ.

"ನಿಜ," ಎಂದೆ.

"ನಿಜ," ಎಂದರು ಟೀಚರಮ್ಮ. ಡ್ರೈವರ್ ಮಾಮ ಕೊನೆಗೆ ಹೇಳಿದರು, ಆದರೆ ಎಲ್ಲರಿಗಿಂತ ಗಟ್ಟಿಯಾಗಿ. ಆಮೇಲೆ ಉಳಿದ ಮಾತುಗಳು ಸರಾಗವಾಗಿ ಸಾಗಿದವು.

ಕೊನೆಗೆ ರೊಟ್ಟಿ ಇಟ್ಟೆ, ಲೋಟದಲ್ಲಿ ನೀರು ತಂದೆ. ಅಮ್ಮ ಕೈ ಚಾಚಿ ಲೋಟವನ್ನು ಮುಟ್ಟಿ ನೋಡಿದಳು.

"ಇದೇನೇ, ಮಂಜುಗಡ್ಡೆ ಥರ ಇದೆ."

ಸತ್ತವರಿಗೆ ಎರೆಯುವುದು ತಣ್ಣೀರೇ, ಹಿಂದಿನಿಂದಲೂ ಹಾಗೇ ಎಂದು ಡ್ರೈವರ್ ಮಾಮ ವಿವರಿಸಲು ಹೋದರು.

"ಅವಳಿಗೆ ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅನ್ನುತ್ತೆ," ಎಂದಳು ಅಮ್ಮ. "ಚಿಕ್ಕೋಳಿದ್ದಾಗಿಂದ್ಲೂ." ಲೋಟ ತೆಗೆದುಕೊಂಡು ಎದ್ದು, ಯಾರನ್ನೂ ಕೇಳದೆ ಅಡುಗೆಮನೆ ಯಾವುದೆಂದು ತಾನೇ ಹುಡುಕಿಕೊಂಡು ಹೋದಳು. ಒಲೆ ಹತ್ತಿಸಿದ ಸದ್ದು ಕೇಳಿಸಿತು. ನಾವು ಮೂವರೂ ನೀರು ಬೆಚ್ಚಗಾಗುವವರೆಗೆ ಹಾಗೇ ನಿಂತಿದ್ದೆವು.