ಮಗ್ಗದ ಬೀದಿಯ ಮನೆ

ಸೋಮವಾರ ಎತ್ತಿಗೆ ನೊಗ ಹೂಡುವಂತಿಲ್ಲ, ಹೊಲದ ಕೆಲಸಕ್ಕೆ ಬಿಡುವು. ಹಾಗಾಗಿ ದೊಡ್ಡಬಳ್ಳಾಪುರಕ್ಕೆ ಮನೆ ನೋಡಲು ಸಾಸಲಿನಿಂದ ಸೋಮವಾರವೇ ಹೊರಟಿದ್ದರು: ಮಾವ ಬೈಲಪ್ಪ, ಗಂಡ ಭೀಮರಾಜ್, ನಾಲ್ಕು ವರ್ಷದ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡ ಮಮತ. ಭೀಮರಾಜನಿಗೆ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ವಾರ ಬಿಟ್ಟು ವಾರ ರಾತ್ರಿ ಪಾಳಿ.

ನೋಡಿದ್ದು ಎರಡು ಮನೆ. ಒಂದು ಊರಾಚೆಯ ಹೊಸ ಬಡಾವಣೆಯಲ್ಲಿ. ಸುತ್ತ ನೀಲಗಿರಿ ತೋಪು, ಅಲ್ಲೊಂದು ಇಲ್ಲೊಂದು ಮನೆ. ಇನ್ನೊಂದು ನೇಕಾರರ ಬೀದಿಯಲ್ಲಿ, ಪಕ್ಕದ ಮನೆಯ ಗೋಡೆಗೆ ಗೋಡೆ ತಾಗಿಕೊಂಡು.

ಮಮತಳಿಗಿದ್ದ ಚಿಂತೆ ಒಂದೇ. ಪುಟ್ಟಿಗೆ ಉಬ್ಬಸ. ಮಗುವಿನ ಉಸಿರಿನಲ್ಲಿ ಸಣ್ಣ ಸಿಳ್ಳು ಎದ್ದರೂ ಅವಳಿಗೆ ನಿದ್ದೆಯಲ್ಲೇ ಎಚ್ಚರವಾಗುತ್ತಿತ್ತು. ಆ ಸಿಳ್ಳು ಕೇಳಿಸುವಂಥ ಮನೆ ಬೇಕು. ಅಂದು ನೇಕಾರರ ಬೀದಿ ಎಷ್ಟು ತಣ್ಣಗಿತ್ತೆಂದರೆ ಎದುರು ಮನೆಯ ಒಗ್ಗರಣೆಯ ಚಟಪಟವೂ ಕೇಳಿಸಿತು. ಮಗ್ಗವೆಂದರೆ ಅವಳು ಕಂಡಿದ್ದು ತನ್ನೂರಿನ ಕಂಬಳಿ ಮಗ್ಗ, ಮಾತಿಗೆ ಅಡ್ಡ ಬರದಷ್ಟು ಮೆತ್ತನೆಯದು. "ಇದೇ ಇರ್ಲಿ," ಅಂದುಬಿಟ್ಟಳು. ಮರುದಿನ ಸಂಜೆ ಮುಂಗಡ ಕೊಡುವುದೆಂದು ಮಾತಾಯಿತು.

ಮನಸ್ಸು ಮಾತ್ರ ನಿಲ್ಲಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ, ಅಡಿಗೆಮನೆಗೆ ಬೆಳಕು ಸಾಲದೇನೋ. ಬೆಳಿಗ್ಗೆ ಮುದ್ದೆ ಕಟ್ಟಿಟ್ಟವಳೇ ಪುಟ್ಟಿಯನ್ನು ಎತ್ತಿಕೊಂಡು ಬಸ್ಸು ಹತ್ತಿದಳು.

ಬೀದಿಯ ತಿರುವಿನಲ್ಲೇ ತಡೆದು ನಿಂತಳು. ಮನೆಮನೆಯೊಳಗಿಂದಲೂ ಕಟಕಟ, ಕಟಕಟ. ಕಾಲ ಕೆಳಗಿನ ನೆಲವೂ ಅದುರುತ್ತಿತ್ತು.

ಬೀಗದ ಕೈ ಪಕ್ಕದ ಮನೆಯ ನಾಗಲಕ್ಷ್ಮಮ್ಮನವರ ಹತ್ತಿರವಿತ್ತು.

"ನೆನ್ನೆ ಸದ್ದೇ ಇರ್ಲಿಲ್ವಲ್ಲಮ್ಮ!" ಮಮತ ಕೂಗಿಯೇ ಕೇಳಬೇಕಾಯಿತು.

"ನೆನ್ನೆ ದಿನವೆಲ್ಲ ಕರೆಂಟೇ ಇರ್ಲಿಲ್ಲ ಕಣಮ್ಮ! ನೇಕಾರ್ರ ಬೀದಿಗೆ ಬಂದು ಸದ್ದು ಯಾಕೆ ಅಂತೀಯಲ್ಲ, ನಾವೇನು ಮಗ್ಗದ ಮೇಲೆ ಹಪ್ಪಳ ಒಣಗಿಸ್ತೀವಾ?" ಆಕೆ ನಗುತ್ತಲೇ ಬಾಗಿಲು ತೆಗೆದರು.

ಮಮತ ಖಾಲಿ ಕೋಣೆಯಲ್ಲಿ ಟವೆಲ್ ಹಾಸಿ, ಬಸ್ಸಿನಲ್ಲೇ ನಿದ್ದೆ ಹೋಗಿದ್ದ ಮಗುವನ್ನು ಮಲಗಿಸಿ ಮೂಗಿನ ಬಳಿ ಕಿವಿಯಿಟ್ಟಳು. ಮಗ್ಗದ ಸದ್ದೇ ಹೊರತು ಉಸಿರು ಕೇಳಿಸಲಿಲ್ಲ. ಬೇಡಪ್ಪ ಬೇಡ, ಬಡಾವಣೆಯ ಮನೆಯೇ ಸರಿ. ಮುಂಗಡ ಕೊಡುವ ಮೊದಲೇ ನಮ್ಮನೆಯವರಿಗೆ ಹೇಳಬೇಕು ಎಂದುಕೊಳ್ಳುತ್ತ ಮಗುವನ್ನು ಎತ್ತಲು ಬೆನ್ನಿನಡಿ ಕೈ ಹಾಕಿದಳು. ಪಕ್ಕೆ ಎಳೆದೆಳೆದು ಏಳುತ್ತಿತ್ತು.

"ಪುಟ್ಟಿ!"

ಅವಳ ಕೂಗು ಸದ್ದಿನಲ್ಲಿ ಮುಳುಗಿಹೋಯಿತು. ಆದರೆ ಬಾಗಿಲಲ್ಲಿದ್ದ ನಾಗಲಕ್ಷ್ಮಮ್ಮ ಅವಳ ಮುಖ ಕಂಡಿದ್ದರು. ತಮ್ಮ ಮನೆಗೆ ಓಡಿ, "ಲೇ ವೇಣು, ಮಗ್ಗ ನಿಲ್ಸೋ!" ಎಂದು ಮಗನಿಗೆ ಕಿರುಚಿದರು.

ಪಕ್ಕದ ಮಗ್ಗಗಳು ನಿಂತವು. ಈಗ ಸಿಳ್ಳು ಕೇಳಿಸಿತು. ಜೊತೆಗೆ ಬೀದಿಯಲ್ಲಿ ಕಾಲಿನ ಸದ್ದು.

"ಯಾಕೆ ನಾಗಮ್ಮ, ಹಾಡ್ಹಗಲಲ್ಲಿ ಮಗ್ಗ ನಿಂತ್ಹೋಯ್ತು? ಯಾರಿಗೇನಾಯ್ತು?" ಎದುರು ಮನೆಯ ಮುನಿರತ್ನಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದರು. ಅವರ ಹಿಂದೆ ಇನ್ನೂ ಇಬ್ಬರು. ಕರೆಂಟಿದ್ದೂ ಮಗ್ಗ ನಿಂತರೆ ಯಾರಿಗೋ ಏನೋ ಆಗಿದೆ ಎಂದೇ ಆ ಬೀದಿಯ ಲೆಕ್ಕ.

ಒಬ್ಬರು ಬಿಸಿನೀರು ತಂದರು. ವೇಣು ಲೂನಾವನ್ನು ಬಾಗಿಲಿಗೇ ತಂದು, "ಡಾಕ್ಟ್ರ ಹತ್ರ ಹೋಗೋಣ್ವಾ ಅಕ್ಕ?" ಎಂದು ನಿಂತ. ಮಮತ ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಚೀಲದಿಂದ ಔಷಧಿ ತೆಗೆದು ಕುಡಿಸಿದಳು. ಆ ತೋಪಿನ ಪಕ್ಕದ ಮನೆಯಲ್ಲಿ ಸಿಳ್ಳೇನೋ ಚೆನ್ನಾಗಿ ಕೇಳಿಸುತ್ತದೆ. ಆಮೇಲೆ? ಇವರು ರಾತ್ರಿ ಪಾಳಿಯಲ್ಲಿದ್ದರೆ ಯಾರನ್ನು ಕೂಗುವುದು?

ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು. ಪುಟ್ಟಿ ಕಣ್ಣು ಬಿಟ್ಟು, ಸುತ್ತ ನಿಂತ ಹೊಸ ಮುಖಗಳನ್ನು ಕಂಡು ಅಮ್ಮನ ಸೆರಗಿಗೆ ಮುಖ ಒತ್ತಿತು.

ವೇಣು ಹಿಂಜರಿಯುತ್ತ ಕೇಳಿದ: "ಸೀರೆ ಅರ್ಧಕ್ಕೆ ನಿಂತದೆ. ಮಗ್ಗ ಹಾಕ್ಲಾ ಅಕ್ಕ? ಇಲ್ಲಾಂದ್ರೆ ಆಮೇಲೆ ಹಾಕ್ತೀನಿ ಬಿಡಿ."

ಮಮತ ಮಗುವಿನ ಅಂಗಿಯೊಳಗೆ ಕೈ ತೂರಿಸಿ ಬೆನ್ನಿನ ಮೇಲೆ ಅಂಗೈ ಒತ್ತಿ ಹಿಡಿದಳು. ಏರಿಳಿಯುವ ಉಸಿರು ಅಂಗೈಗೇ ತಿಳಿಯುತ್ತಿತ್ತು.

"ಹಾಕಪ್ಪ," ಅಂದಳು. "ಸಂಜೆ ನಮ್ಮನೆಯವ್ರು ಮುಂಗಡ ತರ್ತಾರೆ."