ರಿಪೇರಿಗೆ ಕೊಟ್ಟ ಟಚ್ ಫೋನು

ಅದಿರು ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳವು. ಬಳ್ಳಾರಿಯಲ್ಲಿ ಕೈಯಲ್ಲಿ ದುಡ್ಡೂ ಓಡಾಡುತ್ತಿತ್ತು, ಕಣ್ಣಲ್ಲಿ ಧೂಳೂ ಓಡಾಡುತ್ತಿತ್ತು. ಬಸ್ ಸ್ಟ್ಯಾಂಡಿನ ಸುತ್ತ ಹೊಸ ಹೊಸ ಮೊಬೈಲ್ ಅಂಗಡಿಗಳು ಎದ್ದಿದ್ದವು. ಬಟನ್ ಫೋನು ಹಿಡಿದವರು ನಾಚಿಕೊಳ್ಳುವ ಹಾಗೆ ಎಲ್ಲರ ಕೈಗೂ ಟಚ್ ಫೋನು ಬರತೊಡಗಿತ್ತು.

ಕುರುಗೋಡಿನ ಮಹಮ್ಮದ್ ಗೌಸ್ ಅದಿರು ಲಾರಿಯ ಡ್ರೈವರ್. ಅವನ ಹೆಂಡತಿ ತಬಸ್ಸುಮ್ ಮದುವೆ ಮನೆಗಳಿಗೆ ಹೋಗಿ ಮೆಹಂದಿ ಹಚ್ಚುತ್ತಿದ್ದಳು. ಇಬ್ಬರಿಗೂ ಸೇರಿ ಒಂದೇ ಫೋನು. ಲಾರಿಗೆ ಹೋದಾಗ ಅದು ಅವನ ಜೇಬಿನಲ್ಲಿ, ಮೆಹಂದಿ ಇದ್ದ ದಿನ ಅವಳ ಚೀಲದಲ್ಲಿ.

ಒಂದು ದಿನ ಗೌಸ್ ಅದಿರಿನ ಧೂಳಿನಿಂದ ತಲೆಯಿಂದ ಕಾಲಿನವರೆಗೆ ಕೆಂಪಾಗಿ ಮನೆಗೆ ಬಂದ. ಮುಖ ತೊಳೆಯುವ ಮೊದಲೇ ಫೋನು ತೆಗೆದು ಚಾಪೆಯ ಮೇಲೆ ಒಗೆದ.

"ಮತ್ತ ಸತ್ತೈತಿ ನೋಡಿದು. ಚಾರ್ಜೇ ಹತ್ತವಲ್ದು."

"ರಂಜಾನ್‌ಗೆ ತಂದಿದ್ದಲ್ರೀ ಇದು? ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಇಂಥವು ಯಾಕ ತರ್ತೀರಿ?" ಎಂದಳು ತಬಸ್ಸುಮ್.

"ಗ್ಯಾರಂಟಿ ಯಾರು ನೋಡ್ತಾರ? ಸ್ಕ್ರೀನ್ ಎಷ್ಟ್ ದೊಡ್ಡದೈತಿ! ಹಾಡು ಹಚ್ಚಿದ್ರ ಇಂಜಿನ್ ಸದ್ದೇ ಕೇಳಂಗಿಲ್ಲ. ನಾಳೆ ಬಳ್ಳಾರ್‍ಯಾಗ ರಿಪೇರಿಗೆ ಕೊಡ್ತೀನಿ, ಬಿಡು."

"ಒಳಗ ಮಂದಿ ಫೋಟೊ ಅದಾವ್ರಿ. ಮೆಮೊರಿ ಕಾರ್ಡ್ ತಕ್ಕೊಂಡು ಕೊಡ್ರಿ."

"ನಾವೇನು ದೊಡ್ಡ ಮಂದೀನಾ? ನಮ್ಮ ಫೋಟೊ ತಗೊಂಡು ಯಾರೇನ್ ಮಾಡ್ತಾರ?"

ಅವನಿಗೆ ನಿದ್ದೆ ಬೇಕಾಗಿತ್ತು, ಅವಳಿಗೆ ಬೇಗ ಫೋನು ಬೇಕಾಗಿತ್ತು. ಮಾತು ಅಲ್ಲಿಗೇ ನಿಂತಿತು. ಫೋನು ರಿಪೇರಿಗೆ ಹೋಯಿತು, ವಾಪಸ್ಸೂ ಬಂತು. ಇಬ್ಬರೂ ಅದನ್ನು ಮರೆತರು.

ಸ್ವಲ್ಪ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಷತಾ ಬಾಗಿಲಿಗೆ ಬಂದಳು. ಅದೇ ಓಣಿಯ ವೀರಭದ್ರಮ್ಮನವರ ಮಗಳು. ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಸಿರುಗುಪ್ಪದ ಶಶಿಕಾಂತ್ ಎಂಬ ಅಕ್ಕಿ ಮಿಲ್ಲಿನವರ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ನಿಶ್ಚಿತಾರ್ಥದ ಹಿಂದಿನ ದಿನ ಅವಳ ಕೈಗೆ ಮೆಹಂದಿ ಹಚ್ಚಿದ್ದೂ ತಬಸ್ಸುಮ್ಮೇ, ಫೋಟೊ ತೆಗೆದದ್ದೂ ತಬಸ್ಸುಮ್ಮೇ. ಕೂದಲು ಬಿಟ್ಟುಕೊಂಡು, ಮನೆಯ ನೈಟಿಯಲ್ಲಿ, ಎರಡೂ ಕೈ ಮುಂದೆ ಚಾಚಿ ನಗುತ್ತ ಕೂತಿದ್ದ ಫೋಟೊ.

"ಅಕ್ಕಾ, ಅವತ್ತು ತೆಗೆದ ಫೋಟೊ ಯಾರಿಗಾದ್ರೂ ಕೊಟ್ರೇನು?"

"ಯಾರಿಗೂ ಇಲ್ಲಮ್ಮ. ಯಾಕ?"

"ಸಿರುಗುಪ್ಪದಾಗ ಮಂದಿ ಫೋನ್‌ನ್ಯಾಗ ಹರದಾಡಾಕ ಹತ್ತೈತಿ. ಮಿಲ್ಲಿನ್ಯಾಗ ಯಾರೋ ತೋರ್ಸಿದ್ರಂತ. ಶಶಿಕಾಂತ್ ಫೋನ್ ಮಾಡಿದ್ರು. ಕೆಳಗ ಏನೇನೋ ಹೊಲಸು ಬರದಾರ."

ತಬಸ್ಸುಮ್ ಹೊಸ್ತಿಲ ಮೇಲೇ ಕೂತಳು. "ರಿಪೇರಿಗೆ ಕೊಟ್ಟಿದ್ವಿ," ಎಂದಳು ಸಣ್ಣ ದನಿಯಲ್ಲಿ.

"ಲಾಕ್ ಇತ್ತಾ?"

"ಇಲ್ಲ."

"ಕಾರ್ಡ್?"

"ಒಳಗ ಇತ್ತು."

ಅಕ್ಷತಾ ಬೈಯಲಿಲ್ಲ. ಬೈದಿದ್ದರೆ ತಬಸ್ಸುಮ್‌ಗೆ ಹಗುರವಾಗುತ್ತಿತ್ತೇನೋ. ಹುಡುಗಿ ಗೋಡೆಗೆ ಒರಗಿ ನಿಂತಳು. ಹಿಂದಿನ ದಿನದಿಂದ ಅವಳು ಊಟ ಮಾಡಿರಲಿಲ್ಲ.

ಮರುದಿನ ಗೌಸ್ ಲಾರಿ ಕೆಲಸಕ್ಕೆ ರಜೆ ಹಾಕಿದ. ಅಕ್ಷತಾ, ವೀರಭದ್ರಮ್ಮ ಅವನ ಜೊತೆ ಬಳ್ಳಾರಿಗೆ ಹೋದರು. ರಿಪೇರಿ ಅಂಗಡಿಯವನು ತಲೆ ಎತ್ತದೆ ಹೇಳಿದ: "ದಿನಾ ಎಷ್ಟೋ ಫೋನ್ ಬರ್ತಾವು. ಯಾವುದು ಯಾರದ್ದು ಅಂತ ನನಗೇನ್ ಗೊತ್ತು?" ಅವರು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು. ಪೊಲೀಸರು ಬಂದು ಅಂಗಡಿಯ ಕಂಪ್ಯೂಟರ್ ತೆರೆದರೆ ಅದರಲ್ಲಿ ಎಷ್ಟೋ ಮನೆಗಳ ಫೋಟೊ ಇದ್ದವು. ಅಂಗಡಿಗೆ ಬೀಗ ಬಿತ್ತು, ಕೇಸಾಯಿತು.

"ನನ್ನ ಫೋಟೊ ವಾಪಸ್ ಬರ್ತೈತೇನ್ ಸರ್?" ಎಂದು ಅಕ್ಷತಾ ಕೇಳಿದಳು.

"ಬ್ಲೂಟೂತ್‌ನ್ಯಾಗ ಕೈಯಿಂದ ಕೈಗೆ ಹೋಗಿರ್ತೈತಮ್ಮ. ಎಲ್ಲೆಲ್ಲಿ ಅಂತ ಹುಡುಕೋದು?" ಎಂದರು ಪೊಲೀಸ್ ಸಾಹೇಬರು. ಅವರ ದನಿಯಲ್ಲೂ ಸುಸ್ತಿತ್ತು.

ಮೂವರೂ ಸಂಜೆಯ ಬಸ್ಸಿಗೆ ಊರಿಗೆ ಮರಳಿದರು. ಸುದ್ದಿ ಹಬ್ಬಿ, ತಬಸ್ಸುಮ್‌ಗೆ ಹೇಳಿಟ್ಟಿದ್ದ ಮೆಹಂದಿ ಕೆಲಸಗಳೂ ಒಂದೊಂದಾಗಿ ತಪ್ಪಿಹೋದವು.

ಆ ವಾರವೇ ಶಶಿಕಾಂತ್ ತನ್ನ ತಾಯಿ ವಿರೂಪಮ್ಮನವರನ್ನು ಕರೆದುಕೊಂಡು ವೀರಭದ್ರಮ್ಮನವರ ಮನೆಗೆ ಬಂದ. ವಿರೂಪಮ್ಮ ಚಹಾ ಮುಟ್ಟಲಿಲ್ಲ.

"ಕೂದ್ಲ ಬಿಟ್ಕೊಂಡು ಫೋಟೊ ಯಾಕ ತಗಸ್ಕೊಬೇಕಿತ್ತವ್ವಾ?"

"ನಮ್ಮ ಮನಿಯಾಗ ಕುಂತು ನಕ್ಕಿದ್ದೆ ಅತ್ತಿ. ಅದರಾಗ ಏನ್ ತಪ್ಪೈತಿ?" ಎಂದಳು ಅಕ್ಷತಾ. "ಕದ್ದವ್ರನ್ನ ಕೇಳ್ರಿ, ಹಂಚಿದವ್ರನ್ನ ಕೇಳ್ರಿ. ನನಗ ಎಲ್ಲಾರಿಗೂ ಹೇಳಿ ಹೇಳಿ ಸಾಕಾಗೈತಿ."

ಬಾಗಿಲ ಹೊರಗೆ ನಿಂತಿದ್ದ ತಬಸ್ಸುಮ್ ಒಳಗೆ ಬಂದಳು. "ಅಮ್ಮಾ, ಫೋನ್ ನಮ್ದು, ನಿಷ್ಕಾಳಜಿ ನಮ್ದು. ಹುಡುಗಿ ಮ್ಯಾಲೆ ಮಾತು ಹಾಕಬ್ಯಾಡ್ರಿ."

ಶಶಿಕಾಂತ್ ತಾಯಿಯ ಕಡೆ ತಿರುಗಿದ. "ಅವ್ವಾ, ನಮ್ಮ ಮನಿಯಾಗ ಅಕ್ಕ ತನ್ನ ಫೋನ್ ಎಲ್ಲಿ ರಿಪೇರಿಗೆ ಕೊಟ್ಟಿದ್ಲು, ನೆನಪೈತೇನು? ಅದೇ ಬಳ್ಳಾರಿ ಬಜಾರದಾಗ."

ವಿರೂಪಮ್ಮ ಆರಿಹೋಗಿದ್ದ ಚಹಾ ಎತ್ತಿಕೊಂಡು ಒಂದು ಗುಟುಕು ಕುಡಿದರು. "ಮದಿವಿ ಯಾಕ ನಿಲ್ಲಿಸೋದು? ಮುಂದ ನಡೀಲಿ," ಎಂದರು. ವೀರಭದ್ರಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಇತ್ತ ಗೌಸ್ ಹಳೆಯ ಫೋನನ್ನು ಮೂಲೆಗೆ ಹಾಕಿ ಹಟ ಹಿಡಿದಿದ್ದ. "ನಮ್ಮ ಮನಿಗೆ ಇನ್ನ ಫೋನೇ ಬ್ಯಾಡ."

"ಫೋನ್ ಇಲ್ದ ಅಕ್ಕನ ಕೆಲಸ ಹೆಂಗ ನಡೀತೈತಣ್ಣ? ಬರ್ರಿ, ನೋಡಿ ತರೋಣು," ಎಂದು ಅಕ್ಷತಾಳೇ ದಂಪತಿಯನ್ನು ಬಳ್ಳಾರಿಗೆ ಕರೆದೊಯ್ದಳು. ಈ ಸಲ ಬಿಲ್ಲು ಕೊಡುವ ಅಂಗಡಿಗೆ.

"ಸ್ಟಾರ್ ಹ್ಯಾಶ್ ಸೊನ್ನಿ ಆರು ಹ್ಯಾಶ್ ಒತ್ರಿ ಅಣ್ಣ," ಎಂದಳು ಅಕ್ಷತಾ. "ಫೋನಿನ ಗುರುತಿನ ನಂಬರು ಬರ್ತೈತಿ. ಅದು, ಡಬ್ಬಿ ಮ್ಯಾಲಿನ ನಂಬರು ಒಂದೇ ಇರ್ಬೇಕು. ಇಲ್ಲಂದ್ರ ಆ ಫೋನ್ ಮುಟ್ಟಬ್ಯಾಡ್ರಿ."

"ಇದರ ಸ್ಕ್ರೀನ್ ಸಣ್ಣದೈತಲ್ಲ?"

"ಲಾರಿ ಓಡಿಸ್ತಾ ಸಿನಿಮಾ ನೋಡ್ತೀರೇನು? ಇದರ ಬ್ಯಾಟರಿ ಎಲ್ಲಿ ಕೇಳಿದ್ರೂ ಸಿಗ್ತೈತಿ. ಕೆಟ್ರ ಕಂಪನಿ ಸರ್ವಿಸ್ ಸೆಂಟರ್ ಇದೇ ಊರಾಗ ಐತಿ. ಬಿಗಿ ಕವರ್ ಹಾಕಿದ್ರ ಧೂಳೂ ಕಮ್ಮಿ ಹೋಗ್ತೈತಿ."

ಅಂಗಡಿಯವನು ಪುಕ್ಕಟೆ ಆಟಗಳನ್ನು ತುಂಬಿಕೊಡಲೇ ಎಂದ. ಅಕ್ಷತಾ ಬೇಡವೆಂದಳು. "ಕೆಲವು ಆಟ ಹಾಕುವಾಗ ನಿಮ್ಮ ನಂಬರುಗಳನ್ನೆಲ್ಲ ಓದಾಕ ಪರ್ಮಿಷನ್ ಕೇಳ್ತಾವು. ಆಟಕ್ಕ ನಿಮ್ಮ ಬೀಗರ ನಂಬರ್ ಯಾಕ ಬೇಕಣ್ಣ?"

ಫೋನಿಗೆ ಲಾಕ್ ಹಾಕಿರೆಂದಾಗ ಗೌಸ್‌ಗೆ ಇನ್ನೂ ಒಂದು ಅನುಮಾನ ಉಳಿದಿತ್ತು. "ಲಾಕ್ ಹಾಕಿದ್ರ ಗಂಡ ಹೆಂಡ್ತಿ ನಡುವ ಏನ್ ಮುಚ್ಚಿಡ್ತಾರ ಅಂತಾರ ಮಂದಿ."

"ಮನಿಗೆ ಬೀಗ ಹಾಕ್ತೀರಲ್ಲ, ಅದು ನಿಮ್ಮಿಬ್ರ ನಡುವ ಏನ್ ಮುಚ್ಚಿಡಾಕೇನು?"

ಗೌಸ್ ಫೋನನ್ನು ಹೆಂಡತಿಯ ಕೈಗೆ ಕೊಟ್ಟ. "ಲಾಕ್ ನಂಬರು ನೀನೇ ಇಡು. ಆಮ್ಯಾಲೆ ನನಗ ಹೇಳು. ರಿಪೇರಿಗೆ ಕೊಡೋದಿದ್ರ ಇನ್ನ ನಾನೇ ಕಾರ್ಡ್ ತೆಗೀತೀನಿ."

ಮದುವೆ ಸಿರುಗುಪ್ಪದಲ್ಲಿ ಆಯಿತು. ಮೆಹಂದಿ ಹಚ್ಚಲು ತಬಸ್ಸುಮ್‌ಳನ್ನೇ ಕರೆಸಿದರು. ಅಕ್ಷತಾ ಈಗ ಅಲ್ಲೇ ಇದ್ದಾಳೆ. ಸಂತೆಗೆ ಹೋದಾಗ ಯಾರಾದರೂ ಎರಡು ಸಲ ತಿರುಗಿ ನೋಡಿದರೆ, ಸುಮ್ಮನೆ ನೋಡಿದರೋ ಆ ಫೋಟೊ ಕಂಡವರೋ ಎಂದು ಅವಳಿಗೆ ತಿಳಿಯುವುದಿಲ್ಲ. ಅವಳು ತರಕಾರಿ ಕೊಂಡು ಮನೆಗೆ ಬರುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಫೋನು ಕೊಳ್ಳುವಾಗ ಹೊಳಪಿಗೆ ಸೋಲಬೇಡಿ. ಬಿಲ್ಲು ಕೇಳಿ, ಬಾಳಿಕೆ ಕೇಳಿ, ಕೆಟ್ಟರೆ ಸರಿಮಾಡುವವರು ಯಾರೆಂದು ಕೇಳಿ. ತಂದ ದಿನವೇ ಲಾಕ್ ಹಾಕಿ, ಬೇಡದಾಗ ಬ್ಲೂಟೂತ್ ಆರಿಸಿಡಿ. ರಿಪೇರಿಗೆ ಕೊಡುವ ಮೊದಲು ಕಾರ್ಡು ತೆಗೆದಿಟ್ಟುಕೊಳ್ಳಿ. ಹಳೆಯ ಕಾರ್ಡನ್ನು ಮಾರಲೇಬೇಡಿ, ಅಳಿಸಿದ ಫೋಟೊವನ್ನೂ ಕೆಲವರು ಮತ್ತೆ ತೆಗೆಯುತ್ತಾರೆ. ಇನ್ನೊಬ್ಬರ ಫೋಟೊ ನಿಮ್ಮಲ್ಲಿದ್ದರೆ ಅದು ಅವರು ನಂಬಿ ಕೊಟ್ಟದ್ದು.

ಮತ್ತು ಯಾರೋ ಹೆಣ್ಣುಮಗಳ ಚಿತ್ರ ನಿಮ್ಮ ಫೋನಿಗೆ ಬಂದರೆ, ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅದು ನಿಮ್ಮ ಕೈಯಲ್ಲೇ ನಿಲ್ಲಲಿ.